ಭಾನುವಾರದ ತಮ್ಮ

“ಮೊದಲು ಅವನ ಕಿವಿ ನೋಡಿ ಸಾರ್. ಆಮೇಲೆ ಬೇಕಾದ್ರೆ ನನಗೆ ಹುಚ್ಚು ಅನ್ನಿ.”

ಹೆಂಗಸರ ವಾರ್ಡಿನ ಹಗಲುಕೋಣೆಯಲ್ಲಿ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದ ಹೆಂಗಸು ಹೇಳಿದಳು. ವಯಸ್ಸು ನಲವತ್ತೈದರ ಆಸುಪಾಸು. ಬೆರಳ ತುದಿಗಳು ಗಟ್ಟಿಬಿದ್ದಿದ್ದವು. ಇಪ್ಪತ್ತು ವರ್ಷ ಪುಸ್ತಕಗಳ ಬೆನ್ನು ಹೊಲಿದ ಕೈ ಅದು. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಬೈಂಡಿಂಗ್ ಅಕ್ಕ ಎನ್ನುತ್ತಿದ್ದರು.

ಎದುರಿನ ಸ್ಟೂಲಿನ ಮೇಲೆ ಮಫ್ತಿ ಕೂತಿದ್ದ. ಅದು ಠಾಣೆಯವರು ಆ ಇನ್‌ಸ್ಪೆಕ್ಟರನಿಗೆ ಇಟ್ಟ ಹೆಸರು. ಯೂನಿಫಾರಂ ತೊಟ್ಟರೂ ಬಾಡಿಗೆಗೆ ತಂದ ಬಟ್ಟೆಯಂತೆ ಕಾಣುತ್ತಿದ್ದುದರಿಂದ ಮೇಲಿನವರೇ ಬೇಸತ್ತು, ‘ನೀನು ಅಂಗಿ ಪ್ಯಾಂಟಲ್ಲೇ ಇರಪ್ಪ’ ಎಂದುಬಿಟ್ಟಿದ್ದರು. ಕಾಣೆಯಾದವರನ್ನು ಹುಡುಕುವುದು ಅವನ ಕೆಲಸ. ‘ನನ್ನ ತಮ್ಮ ಕಾಣೆಯಾಗಿ ಎರಡು ವರ್ಷವಾಯಿತು, ಅವನ ಹೆಸರು ಹೇಳಿಕೊಂಡು ಬೇರೊಬ್ಬ ಬಂದು ಹೋಗುತ್ತಿದ್ದಾನೆ’ ಎಂದು ಇದೇ ಹೆಂಗಸು ಬರೆದ ಹನ್ನೆರಡನೆಯ ಕಾಗದ ಅವನನ್ನು ಈ ಮಾನಸಿಕ ಆಸ್ಪತ್ರೆಗೆ ಎಳೆದು ತಂದಿತ್ತು. ಮೊದಲಿನ ಹನ್ನೊಂದನ್ನು ಠಾಣೆ ಓದಿ, ನಕ್ಕು, ಬದಿಗಿಟ್ಟಿತ್ತು.

“ಕಿವಿ ಏನಾಗಿದೆ?”

“ನನ್ನ ತಮ್ಮನ ಕಿವಿ ಹಾಲೆ ಕೆನ್ನೆಗೆ ಅಂಟಿಕೊಂಡೇ ಹುಟ್ಟಿದ್ದು. ನಮ್ಮಮ್ಮಂದೂ ಹಾಗೇ. ಈ ಭಾನುವಾರದವನದು ಜೋತಾಡುತ್ತೆ. ನಮ್ಮ ಅಂಗಡಿ ಬೆಂಕೀಲಿ ಸುಟ್ಟಿದ್ದು ಎಡಗೆನ್ನೆ. ಬಲಗಿವಿಗೆ ಏನಾಯ್ತಂತೆ? ಅದು ರಾತ್ರೋರಾತ್ರಿ ಬೆಳೀತಾ?”

“ಭಾನುವಾರದವನು ಅಂದ್ರೆ?”

“ಮತ್ತೇನಂತ ಕರೀಲಿ? ತಮ್ಮ ಅನ್ನೋಕೆ ನಾಲಿಗೆ ಏಳಲ್ಲ. ಭಾನುವಾರ ಬರ್ತಾನೆ, ಅದಕ್ಕೆ ಭಾನುವಾರದವನು. ಇವತ್ತು ಗುರುವಾರ ಬಂದು ಕೂತಿದ್ದಾನೆ, ನನ್ನನ್ನ ಹೊತ್ತುಕೊಂಡು ಹೋಗೋಕೆ.”

ಅವಳು ಹೇಳಿದ್ದು ಸರಿ. ಸಂಜೆ ನಾಲ್ಕಕ್ಕೆ ಅವಳನ್ನು ಆ ಮನುಷ್ಯನ ಕೈಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಮಫ್ತಿ ಅವಳ ಕಾಗದವನ್ನು ಅವಳಿಗೇ ಕೊಟ್ಟು, ಇದು ನಿಮ್ಮ ಅಕ್ಷರವೇ ಎಂದು ಕೇಳಿದ. ಅವಳು ಓದಲಿಲ್ಲ. ಹಾಳೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ಮೆಲ್ಲಗೆ ಬಾಗಿಸಿ ನೋಡಿ, ಕಾಗದದ ನಾರಿನ ಎಳೆ ಸುಲಭವಾಗಿ ಬಾಗುವ ಕಡೆಗೆ ಮಡಿಚಿ, ಉಗುರಿನಿಂದ ಒಮ್ಮೆ ಎಳೆದಳು. ಮಡಿಕೆ ಚಾಕುವಿನ ಬಾಯಂತೆ ನಿಂತಿತು.

“ನೋಡಿದ್ರಾ? ಇದನ್ನ ನಾವು ಯೋಚನೆ ಮಾಡಿ ಮಾಡಲ್ಲ. ಅವನಿಗೆ ಏಳು ವರ್ಷ ಇದ್ದಾಗ ನಾನೇ ಕಲಿಸಿದ್ದು. ಹೊರಗೆ ಕೂತಿದ್ದಾನಲ್ಲ, ಅವನ ಕೈಗೂ ಒಂದು ಹಾಳೆ ಕೊಡಿ.”

“ಅವರ ಬಲಗೈನೂ ಸುಟ್ಟಿತ್ತಂತೆ.”

“ಕೈ ಸುಟ್ಟರೂ ಅಭ್ಯಾಸ ಸುಡಲ್ಲ ಸಾರ್.”

ಮಫ್ತಿ ಎದ್ದ. ನಿಜ ಹೇಳಬೇಕೆಂದರೆ ಅವನ ಮನಸ್ಸು ಇವಳ ಕಡೆಗಿರಲಿಲ್ಲ. ಬರುವಾಗ ವರಾಂಡದ ಬೆಂಚಿನಲ್ಲಿ ಆ ಮನುಷ್ಯನನ್ನು ಕಂಡಿದ್ದ. ತೊಡೆಯ ಮೇಲೆ ಬಟ್ಟೆಯ ಚೀಲ, ಅದರ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಳಬಾಗಿಲು ಕಿರುಗುಟ್ಟಿದಾಗಲೆಲ್ಲ ಕತ್ತು ನಿಮಿರಿಸಿ ನೋಡುವ ಆ ಕೂರುವಿಕೆ ಅವನಿಗೆ ಬಹಳ ಪರಿಚಯದ್ದು. ಹನ್ನೆರಡು ವರ್ಷದ ಹಿಂದೆ, ಬೇರೆ ಊರಿನ ಇಂಥದೇ ಆಸ್ಪತ್ರೆಯ ಇಂಥದೇ ಬೆಂಚಿನಲ್ಲಿ, ಕಿತ್ತಳೆ ಹಣ್ಣಿನ ಚೀಲ ಹಿಡಿದು ಅವನೂ ಹೀಗೇ ಕೂತಿರುತ್ತಿದ್ದ.

ಆಗ ಒಳಗಿದ್ದವಳು ಮಫ್ತಿಯ ಸ್ವಂತ ಅಕ್ಕ.

“ಸಾರ್,” ಬೈಂಡಿಂಗ್ ಅಕ್ಕ ಕರೆದಳು. “ಅವನು ಕೆಟ್ಟವನು ಅಂತ ನಾನು ಹೇಳ್ತಿಲ್ಲ. ಚಪ್ಪಲಿ ತರ್ತಾನೆ, ಶಾಲು ತರ್ತಾನೆ. ಆದ್ರೆ ಅವನು ಬಂದಾಗಲೆಲ್ಲ ಎಲ್ಲರೂ, ‘ನಿನ್ನ ತಮ್ಮ ಬಂದಿದ್ದಾನೆ’ ಅಂತಾರೆ. ಇಲ್ಲೇ ಇದ್ದಾನೆ ಅಂದ ಮೇಲೆ ನನ್ನ ತಮ್ಮನ್ನ ಹುಡುಕೋರು ಯಾರು?”

*

ಡಾಕ್ಟರಮ್ಮನ ಕೋಣೆಯಲ್ಲಿ ಮೂರು ಕಬ್ಬಿಣದ ಕಪಾಟು, ಒಂದು ಮೇಜು, ಮೇಜಿನ ಮೇಲೆ ಆರಿಹೋದ ಚಹಾ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆಕೆ ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಮಫ್ತಿಯನ್ನು ನೋಡಿದರು.

“ಏನಂತಾರೆ ನಮ್ಮ ಬೈಂಡಿಂಗ್ ಅಕ್ಕ? ಕಿವಿ ಕಥೆ ಹೇಳಿದರೋ?”

“ಹೇಳಿದ್ರು. ಮೇಡಂ, ಈ ಕಾಯಿಲೆಗೆ ಕಾರಣ ಏನು? ಒಂದೇ ಮಾತಲ್ಲಿ ಹೇಳಿ.”

“ಅಲ್ಲೇ ನೀವು ಪೊಲೀಸಿನೋರು ಎಡವೋದು. ನಿಮಗೆ ಒಬ್ಬನೇ ಕಳ್ಳ ಬೇಕು. ನನ್ನ ಹತ್ರ ಬರೋ ಯಾವ ಕೇಸಲ್ಲೂ ಒಬ್ಬನೇ ಕಳ್ಳ ಇರಲ್ಲ.”

ಆಕೆ ಒಂದು ಹಾಳೆಯನ್ನು ಅವನತ್ತ ತಳ್ಳಿದರು. ಉದ್ದಕ್ಕೆ ಗೆರೆ ಎಳೆದು ನಾಲ್ಕು ಅಂಕಣ ಮಾಡಿದ್ದರು. ತಲೆಬರಹ ಕೈಬರಹದಲ್ಲಿತ್ತು: ಹುಟ್ಟು, ಪೆಟ್ಟು, ಪಟ್ಟು, ಒತ್ತಾಸೆ.

“ಬಾಗಿಲ ಚಿಲಕ ನಲವತ್ತು ಸಲ ನೋಡೋರು, ಆರು ತಿಂಗಳು ಹಾಸಿಗೆ ಬಿಟ್ಟು ಏಳದೋರು, ಲಿಫ್ಟ್ ಕಂಡ್ರೆ ಉಸಿರು ಕಟ್ಟೋರು, ಯಾರು ಬಂದರೂ ನಾನು ಬರೆಯೋದು ಈ ನಾಲ್ಕೇ. ಹುಟ್ಟಿನಿಂದ ಏನು ಬಂತು. ಯಾವ ಪೆಟ್ಟು ಬಿದ್ದ ಮೇಲೆ ಶುರುವಾಯ್ತು. ಶುರುವಾಗಿದ್ದು ಯಾಕೆ ಪಟ್ಟು ಬಿಡ್ತಿಲ್ಲ. ಇಷ್ಟೆಲ್ಲ ಇದ್ದರೂ ಆ ಜೀವಕ್ಕೆ ಒತ್ತಾಸೆ ಏನು. ಅದೇ ರಕ್ತ, ಅದೇ ಪೆಟ್ಟು ಇದ್ದೂ ಒಬ್ಬರು ಬೀಳ್ತಾರೆ, ಇನ್ನೊಬ್ಬರು ನಿಲ್ತಾರೆ. ವ್ಯತ್ಯಾಸ ಇರೋದು ಆ ನಾಲ್ಕನೇ ಅಂಕಣದಲ್ಲಿ.”

ಮಫ್ತಿ ಓದಿದ. ಹುಟ್ಟು: ಅಜ್ಜಿಗೆ ಇಂಥದೇ ತೊಂದರೆ ಇತ್ತು. ಪೆಟ್ಟು: ತಾಯಿಯ ಸಾವು; ಹದಿನೇಳು ದಿನ ನಿದ್ದೆಯಿಲ್ಲ; ತಾಯಿಯ ದನಿ ಕೇಳಿಸತೊಡಗಿತು. ಪಟ್ಟು: ಹೊಸ ಊರು, ಪರಿಚಯದವರಿಲ್ಲ, ತಮ್ಮನನ್ನು ತಮ್ಮನೆಂದು ಒಪ್ಪುತ್ತಿಲ್ಲ, ವಾರ್ಡಿನ ರಿಜಿಸ್ಟರುಗಳ ಹೊಲಿಗೆಯಲ್ಲಿ ತಮ್ಮನ ಕೈ ಕಾಣುತ್ತಾಳೆ, ಅವನು ಎಲ್ಲೋ ಹತ್ತಿರದಲ್ಲೇ ಇದ್ದಾನೆಂದು ನಂಬುತ್ತಾಳೆ. ಒತ್ತಾಸೆ: ಪ್ರತಿ ಭಾನುವಾರ ತಪ್ಪದೆ ಬರುವ ತಮ್ಮ.

ಓದುತ್ತಿದ್ದಂತೆ ಬೇರೊಂದು ಹಾಳೆ ಅವನ ಕಣ್ಣ ಮುಂದೆ ಬಂತು, ಯಾರೂ ಬರೆಯದೆ ಹೋದ ಹಾಳೆ. ಅಕ್ಕ ಕಾಯಿಲೆ ಬಿದ್ದದ್ದು ತಾನು ತರಬೇತಿಗೆಂದು ಮನೆ ಬಿಟ್ಟ ವರ್ಷ. ಯಾರಾದರೂ ಬರೆದಿದ್ದರೆ ತನ್ನ ಹೆಸರು ಯಾವ ಅಂಕಣದಲ್ಲಿರುತ್ತಿತ್ತು? ಒತ್ತಾಸೆಯಲ್ಲೋ, ಪೆಟ್ಟಿನಲ್ಲೋ? ಹನ್ನೆರಡು ವರ್ಷದಲ್ಲಿ ಈ ಲೆಕ್ಕ ಅವನಿಗೆ ಒಮ್ಮೆಯೂ ಹರಿದಿರಲಿಲ್ಲ.

“ನಮ್ಮವರನ್ನ ನಮ್ಮವರಲ್ಲ ಅನ್ನೋದು ಹೇಗೆ ಸಾಧ್ಯ ಮೇಡಂ?” ಅವನ ದನಿ ಅವನಿಗೇ ಸಣ್ಣದಾಗಿ ಕೇಳಿತು.

“ಮನೆಯವರ ಮುಖ ಕಂಡಾಗ ಒಳಗೆ ಎರಡು ಕೆಲಸ ಆಗುತ್ತೆ. ಕಣ್ಣು ‘ಇವನೇ’ ಅನ್ನುತ್ತೆ. ಅದೇ ಗಳಿಗೇಲಿ ಎದೆ ‘ನಮ್ಮವನೇ’ ಅಂತ ಬೆಚ್ಚಗಾಗುತ್ತೆ. ಕೆಲವರಿಗೆ ಆ ಎರಡನೇದು ನಿಂತುಹೋಗುತ್ತೆ. ಮುಖ ಅದೇ, ಬೆಚ್ಚಗಿನದು ಬರಲಿಲ್ಲ. ಹಾಗಾದರೆ ಇವನು ಯಾರೋ ವೇಷದವನು ಅಂತ ಬುದ್ಧಿ ತೀರ್ಮಾನ ಮಾಡಿಬಿಡುತ್ತೆ. ಪಾಪ, ಬುದ್ಧೀದೇನೂ ತಪ್ಪಿಲ್ಲ. ಸಿಕ್ಕ ಸಾಕ್ಷಿ ಮೇಲೆ ತೀರ್ಪು ಕೊಡುತ್ತೆ, ಅಷ್ಟೆ.”

ಮಫ್ತಿಗೆ ಅಕ್ಕನ ದನಿ ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ‘ಮುಖ ಅವನದೇ. ದನಿಯೂ ಅವನದೇ. ಹುಬ್ಬಿನ ಮೇಲಿನ ಗಾಯದ ಗುರುತನ್ನೂ ಬಿಡದೆ ಹಾಕ್ಕೊಂಡು ಬಂದಿದ್ದೀಯ. ಆದರೆ ನೀನು ಅವನಲ್ಲ. ಅವನನ್ನ ಏನು ಮಾಡಿದ್ರೋ?’ ಎದುರಿಗೆ ನಿಂತವನನ್ನು ಬಿಟ್ಟು, ಅವನಿಗಾಗಿಯೇ ಅವಳು ಅಳುತ್ತಿದ್ದಳು. ಕೊನೆಯ ದಿನದವರೆಗೂ.

ಅವನು ಕುರ್ಚಿಯಿಂದ ಅರ್ಧ ಎದ್ದ.

“ಮೇಡಂ, ಬೈಂಡಿಂಗ್ ಅಕ್ಕ ಒಂದು ಸಲವಾದರೂ ‘ಮುಖ ಅವನದೇ’ ಅಂದಿದ್ದಾರಾ?”

“ಅಂದರೆ?”

“ನೋಡೋಕೆ ಥೇಟ್ ಅವನ ಥರಾನೇ, ಆದ್ರೆ ಅವನಲ್ಲ ಅಂತ. ಆ ಕಾಯಿಲೆ ಇದ್ದೋರು ಹಾಗಲ್ವಾ ಹೇಳೋದು? ಹೋಲಿಕೆ ಇಷ್ಟು ಚೆನ್ನಾಗಿದೆ, ಅದಕ್ಕೇ ಮೋಸ ಅಂತ ತಾನೇ ಅವರ ಸಂಕಟ? ಈ ಅಮ್ಮ ಹಾಗೆ ಹೇಳ್ತಿಲ್ಲ. ಅವನು ನನ್ನ ತಮ್ಮನ ಥರ ಇಲ್ಲವೇ ಇಲ್ಲ ಅಂತಿದ್ದಾರೆ. ಕಿವಿ ಬೇರೆ, ಕೈ ಬೇರೆ. ನಾನೂ ನೀವೂ ಅಪರಿಚಿತರನ್ನ ಕಂಡ್ರೆ ಹೇಳೋ ಹಾಗೆ.”

ಡಾಕ್ಟರಮ್ಮ ಕನ್ನಡಕ ತೆಗೆದರು. ಬಹಳ ಹೊತ್ತು ಅದನ್ನು ಸೆರಗಿನಲ್ಲಿ ಒರೆಸಿದರು.

“ಮುಖ ಸುಟ್ಟಿತ್ತು,” ಎಂದರು ಕೊನೆಗೆ. “ಸುಟ್ಟಿದ್ದಕ್ಕೆ ಹೋಲಿಕೆ ಇಲ್ಲ ಅಂತಿದ್ದಾಳೆ ಅಂದುಕೊಂಡೆ. ತಮ್ಮನನ್ನ ನಾನು ನೋಡಿದ್ದು ಅವಳನ್ನ ಸೇರಿಸೋ ದಿನ, ಹತ್ತು ನಿಮಿಷ. ಮೊದಲ ತಿಂಗಳು ಮನೆಯವರು ಯಾರೂ ಬರೋ ಹಾಗಿಲ್ಲ ಅಂತ ನಮ್ಮಲ್ಲಿ ನಿಯಮ. ಅಷ್ಟರಲ್ಲಿ ಅವರ ಬೈಂಡಿಂಗ್ ಅಂಗಡಿಗೆ ಬೆಂಕಿ ಬಿತ್ತು. ಆಮೇಲೆ ಬಂದಿದ್ದು ಬ್ಯಾಂಡೇಜು. ಬ್ಯಾಂಡೇಜಿನ ಒಳಗಿರೋನು ‘ನಾನು ಅವಳ ತಮ್ಮ’ ಅಂದ. ಅವಳು ಅಲ್ಲ ಅಂದಳು. ಅವಳ ಹೆಸರಿನ ಫೈಲ್ ನನ್ನ ಕೈಯಲ್ಲಿತ್ತು. ಅವನ ಹೆಸರಿನ ಫೈಲ್ ಇರಲಿಲ್ಲ. ನಾನು ಯಾರನ್ನ ನಂಬಲಿ?”

“ಬ್ಯಾಂಡೇಜಿನವನು ಇಲ್ಲಿ ಹಾಕಿದ ಸಹಿ?”

“ಬಲಗೈ ಸುಟ್ಟಿದೆ ಅಂತ ಎಡಗೈಲಿ ಹಾಕಿಸಿಕೊಂಡ್ವಿ.”

ಮಫ್ತಿಯ ಕಣ್ಣು ಮೇಜಿನ ಮೇಲಿದ್ದ ವಾರ್ಡಿನ ರಿಜಿಸ್ಟರಿನ ಮೇಲೆ ಬಿತ್ತು. ತೆರೆದ. ಬೆನ್ನಿನ ಹೊಲಿಗೆ ಒಂದೇ ಅಳತೆಯಲ್ಲಿ ಸಾಗಿ, ಪ್ರತಿ ಮೂರನೆಯ ತೂತಿಗೆ ಒಂದು ಗಂಟು ಹೆಚ್ಚಾಗಿ ಬಿದ್ದಿತ್ತು.

ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ತಾನಾಗಿಯೇ ಹೇಳಿದಳು. “ಆ ಗಂಟಿಗೇ ಸಾರ್ ಅವರ ಗಲಾಟೆ. ದಾರ ಕಿತ್ತರೂ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳದಿರಲಿ ಅಂತ ಇವರೇ ತಮ್ಮನಿಗೆ ಹೇಳಿಕೊಟ್ಟಿದ್ದಂತೆ. ಹೊಸ ರಿಜಿಸ್ಟರ್ ಬಂದ ದಿನ ಎದೆಗೆ ಅವಚಿಕೊಂಡು ಬಿಡೋದೇ ಇಲ್ಲ. ಕಿತ್ತುಕೊಳ್ಳೋಕೆ ಇಬ್ಬರು ಬೇಕು.”

“ಇದನ್ನ ಹೊಲಿಯೋದು ಯಾರು?”

“ಗಂಡಸರ ವಿಭಾಗದಲ್ಲಿ ಕೆಲಸದ ಕೋಣೆ ಇದೆಯಲ್ಲ, ಅಲ್ಲಿ ಯಾರೋ ಪೇಷೆಂಟು.”

“ನೀವು ನೋಡಿದ್ದೀರಾ ಮೇಡಂ?”

“ಆ ಕಡೆಗೆ ಬೇರೆ ಡಾಕ್ಟರಿದ್ದಾರೆ,” ಎಂದರು ಡಾಕ್ಟರಮ್ಮ. “ಅವರ ಫೈಲ್ ನಾನು ನೋಡೋ ಹಾಗಿಲ್ಲ, ನನ್ನದು ಅವರು ನೋಡೋ ಹಾಗಿಲ್ಲ. ನಡುವೆ ಗೋಡೆ.” ಆಮೇಲೆ ಮುಖ ಎತ್ತದೆಯೇ, “ನಾಲ್ಕು ಗಂಟೆಗೆ ನಾನು ಸಹಿ ಹಾಕಬೇಕು. ರಕ್ತಸಂಬಂಧಿ ಬಂದು ಕೇಳಿದರೆ, ಗಟ್ಟಿ ಕಾರಣ ಇಲ್ಲದೆ ಇಲ್ಲ ಅನ್ನೋಕಾಗಲ್ಲ. ನಿಮ್ಮ ಅನುಮಾನ ಸಾಲದು. ಒಂದು ಕಾರಣ ತಂದುಕೊಡಿ, ಇನ್‌ಸ್ಪೆಕ್ಟರೇ.”

*

ಬೆಂಚಿನಲ್ಲಿದ್ದವನು ಎದ್ದು ನಿಂತ. ಎಡಗೆನ್ನೆಯ ಚರ್ಮ ಬಿಗಿದು ಮಿರುಗುತ್ತಿತ್ತು. ಬಲಗಿವಿಯ ಹಾಲೆ ಸಣ್ಣಗೆ ಜೋತು ಬಿದ್ದಿತ್ತು.

“ಅಕ್ಕ ಹೊರಟರಾ ಸಾರ್?”

“ಇನ್ನೂ ಹೊತ್ತಿದೆ. ಕೂತ್ಕೊಳ್ಳಿ.” ಮಫ್ತಿ ಪಕ್ಕದಲ್ಲಿ ಕೂತ. “ಚೀಲದಲ್ಲಿ ಏನು ತಂದಿದ್ದೀರಿ?”

“ಚಪ್ಪಲಿ. ಹೋದ ಸಲ ತಂದಿದ್ದು ದೊಡ್ಡದಾಗಿತ್ತು, ವಾಪಸ್ ಎಸೆದಳು. ಈ ಸಲ ವಾರ್ಡಿನ ಬಾಗಿಲಲ್ಲಿ ಅವಳ ಚಪ್ಪಲಿ ಬಿಟ್ಟಿದ್ದಾಗ ದಾರ ಇಟ್ಟು ಅಳತೆ ತಗೊಂಡೆ.” ನಕ್ಕ. ನಗು ಬಲಗಡೆಗೆ ಮಾತ್ರ ಹರಡಿತು.

ಮಫ್ತಿ ಜೇಬಿನಿಂದ ದಪ್ಪ ಹಾಳೆಯೊಂದನ್ನು ತೆಗೆದ. “ಇದನ್ನ ಸ್ವಲ್ಪ ನಾಲ್ಕು ಮಡಿಕೆ ಮಾಡಿಕೊಡ್ತೀರಾ? ನನ್ನ ಕೈಲಿ ಯಾವತ್ತೂ ಸೊಟ್ಟಗಾಗುತ್ತೆ.”

ಅವನು ತುದಿಗೆ ತುದಿ ಸೇರಿಸಿ, ಅಂಗೈಯಿಂದ ಒತ್ತಿದ. ಎಳೆಗೆ ಅಡ್ಡವಾಗಿ ಮಡಿಚಿದ ಹಾಳೆ ಮಣಿಯಲಿಲ್ಲ. ಇನ್ನೂ ಬಲವಾಗಿ ಒತ್ತಿದ. ಮಡಿಕೆಯುದ್ದಕ್ಕೂ ಸಣ್ಣ ಸಣ್ಣ ಸುಕ್ಕೆದ್ದು ಕಾಗದ ಒಡೆಯಿತು.

“ಏಳನೇ ವಯಸ್ಸಿಂದ ಬೈಂಡಿಂಗ್ ಮಾಡಿದವರು ನೀವು,” ಮಫ್ತಿ ಹೇಳಿದ.

“ಕೈ ಸುಟ್ಟಿತ್ತಲ್ಲ ಸಾರ್.”

“ಬಾಗಿಸಿ ನೋಡೋಕೂ ಮರೆತುಹೋಯ್ತಾ?”

ಮಫ್ತಿ ಡಾಕ್ಟರಮ್ಮನ ಕೋಣೆಯಿಂದ ಕಂಕುಳಲ್ಲಿ ತಂದಿದ್ದ ರಿಜಿಸ್ಟರನ್ನು ಅವನ ತೊಡೆಯ ಮೇಲಿಟ್ಟು, ಬೆನ್ನು ಕಾಣುವಂತೆ ತೆರೆದ.

“ಇದನ್ನ ಹೊಲಿದವರು ಯಾರು?”

ಬಿಸಿ ಪಾತ್ರೆ ಮುಟ್ಟಿದವನಂತೆ ಅವನು ಕೈ ಹಿಂದಕ್ಕೆ ಎಳೆದುಕೊಂಡ. ವರಾಂಡದ ತುದಿಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು.

“ಗೋಡೆ ಆ ಕಡೆ ಇದ್ದಾರೆ,” ಎಂದ. “ನನ್ನ ಹೆಸರಲ್ಲಿ.”

“ನೀವು ಯಾರು?”

“ಕಾಗದದ ಗೋದಾಮಿಂದ ಅವರ ಅಂಗಡಿಗೆ ರೀಮು ಹೊರ್ತಿದ್ದೋನು. ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು ಅವರಿಗೆ, ಅಕ್ಕನ್ನೂ ಇಲ್ಲಿ ಸೇರಿಸಿಬಿಟ್ಟಿದ್ರು, ಒಬ್ಬರೇ. ರಾತ್ರಿ ಇಲ್ಲೇ ಮಲಗು ಮಾರಾಯ ಅಂತ ಜಾಗ ಕೊಟ್ರು. ಹಗಲೆಲ್ಲ ಬರೀ ಅಕ್ಕನ ಮಾತು. ಅಕ್ಕ ಹಿಂಗಂದ್ಲು, ಅಕ್ಕ ಹಂಗ್ ಬೈದ್ಲು, ಅಕ್ಕ ಹುಷಾರಾಗಿ ಬಂದ್ಲು ಅಂದ್ರೆ ಕಿಟಕಿ ಹತ್ರ ಅವಳ ಹೊಲಿಗೆ ಮಣೆ ಹಾಕಬೇಕು. ನಾನು ಹುಟ್ಟಿದಾಗಿಂದ ನಂದು ಅನ್ನೋ ಒಂದು ಜೀವ ಕಂಡೋನಲ್ಲ ಸಾರ್. ಕೇಳಿ ಕೇಳಿ, ಆ ಅಕ್ಕ ನನಗೂ ಅಕ್ಕ ಅನ್ನೋ ಹಂಗಾಗಿಬಿಡ್ತು.”

“ಬೆಂಕಿ?”

“ನನ್ನ ಸಿಗರೇಟು.” ಅವನು ಕಣ್ಣು ಮುಚ್ಚಿದ. “ಮೇಲಿನ ಮನೇಲಿ ಒಬ್ಬರು ಮುದುಕರಿದ್ರು. ಇಳಿಯೋಕಾಗಲಿಲ್ಲ. ಬೆಳಿಗ್ಗೆ ಆಸ್ಪತ್ರೇಲಿ ಪೊಲೀಸರು ಬಂದು, ಅಂಗಡಿ ಯಜಮಾನ ಯಾರು, ಅಲ್ಲಿ ಮಲಗ್ತಿದ್ದೋನು ಯಾರು ಅಂದ್ರು. ಅಕ್ಕನ ತಮ್ಮ ಪಕ್ಕದ ಹಾಸಿಗೇಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ರು, ಮಾತೇ ಇಲ್ಲ. ಬೆಂಕಿಯ ಆಘಾತಕ್ಕೆ ದನಿ ಹೋಗಿತ್ತು. ನಿನ್ನ ಹೆಸರೇನು ಅಂದಾಗ ನನ್ನ ಬಾಯಿಂದ ಅವರ ಹೆಸರು ಬಂತು. ನಾನು ಹೇಳಲಿಲ್ಲ ಸಾರ್. ಬಂತು.”

ಸುಟ್ಟ ಮುಖವನ್ನು ಎರಡನೆಯ ಸಲ ದಿಟ್ಟಿಸುವವರು ಯಾರು? ಬೆಂಕಿಗೆ ಕಾರಣನೆಂದು ಹಿಡಿದ, ಮಾತು ಬರದ ತಮ್ಮನನ್ನು ಕೋರ್ಟು ಚಿಕಿತ್ಸೆಗೆಂದು ಇಲ್ಲಿಗೆ ಕಳಿಸಿತು. ದನಿ ಮರಳಿದಾಗ ಅವನು ‘ನಾನು ಅವನಲ್ಲ, ನನಗೊಬ್ಬಳು ಅಕ್ಕ ಇದ್ದಾಳೆ’ ಎಂದ. ಅದನ್ನು ಅವನ ಫೈಲಿನಲ್ಲಿ ಕಾಯಿಲೆಯ ಲಕ್ಷಣವೆಂದು ಬರೆದರು. ಗೋಡೆಯ ಈಚೆ ಅಕ್ಕ ‘ಇವನು ಅವನಲ್ಲ’ ಎಂದಳು. ಅದನ್ನೂ ಬರೆದರು. ಎರಡು ಫೈಲುಗಳ ನಡುವೆ ನೂರು ಹೆಜ್ಜೆ ದೂರವಿತ್ತು. ಆ ನೂರು ಹೆಜ್ಜೆಯನ್ನು ಯಾರೂ ನಡೆಯಲಿಲ್ಲ.

“ಮೊದಲ ಭಾನುವಾರ ಬಂದಿದ್ದು ಭಯಕ್ಕೆ,” ಅವನು ಹೇಳುತ್ತಲೇ ಇದ್ದ. “ಅವಳು ಬಾಯಿ ಬಿಟ್ಟರೆ ನನ್ನ ಕಥೆ ಮುಗೀತು ಅಂತ. ಬಿಟ್ಟಳು. ಕಿರುಚಿದಳು. ಡಾಕ್ಟರಮ್ಮ ನನ್ನ ಭುಜ ತಟ್ಟಿ, ಬೇಜಾರು ಮಾಡ್ಕೋಬೇಡಿ, ಹುಷಾರಾಗ್ತಾರೆ ಅಂದ್ರು. ಎರಡನೇ ಭಾನುವಾರ ಬರೋ ಅಗತ್ಯ ಇರಲಿಲ್ಲ ಸಾರ್. ಬಂದೆ. ಬೈತಿದ್ಲು. ಬೈಯೋಕಾದರೂ ನನ್ನ ದಾರಿ ಕಾಯೋರು ಒಬ್ಬರಿದ್ದಾರಲ್ಲ ಅನ್ನಿಸ್ತು.”

“ಮನೆಗೆ ಕರ್ಕೊಂಡು ಹೋಗಿ ಏನು ಮಾಡ್ತಿದ್ದೆ?”

“ನೋಡ್ಕೋತಿದ್ದೆ. ಕಿಟಕಿ ಹತ್ರ ಮಣೆ ಹಾಕಿದ್ದೀನಿ. ಒಂದಲ್ಲ ಒಂದು ದಿನ, ಬಾಯಿ ತಪ್ಪಿಯಾದರೂ, ‘ತಮ್ಮ’ ಅಂದ್ರೆ ಸಾಕಿತ್ತು.”

ಮಫ್ತಿಯ ಜೇಬಿನಲ್ಲಿ ಪುಸ್ತಕವಿತ್ತು, ಪೆನ್ನಿತ್ತು. ಹೇಳಿಕೆಯನ್ನು ಆಗಲೇ ಬರೆದುಕೊಳ್ಳಬೇಕಿತ್ತು. ಒಬ್ಬ ಸಾಕ್ಷಿಯನ್ನಾದರೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕಿತ್ತು. ಮೊದಲ ವರ್ಷದ ಪೇದೆಗೂ ಅದು ಗೊತ್ತು. ಅವನು ಬರೆಯಲಿಲ್ಲ, ಕರೆಯಲಿಲ್ಲ. ಅವನ ಕೈ ತಾನಾಗಿಯೇ ಹೋಗಿ ಆ ಮನುಷ್ಯನ ಭುಜದ ಮೇಲೆ ಕೂತಿತ್ತು. ಅದನ್ನು ಎಳೆದುಕೊಳ್ಳಲು ಮನಸ್ಸು ಬರಲಿಲ್ಲ.

“ಏಳು,” ಎಂದ ಕೊನೆಗೆ. “ಆ ಕಡೆ ಹೋಗೋಣ.”

*

ಗೋಡೆಯ ನಡುವಿನ ಬಾಗಿಲಿಗೆ ಎರಡು ಬೀಗ, ಎರಡು ವಿಭಾಗಗಳ ಎರಡು ಕೀಲಿ. ಡಾಕ್ಟರಮ್ಮ ತಮ್ಮದನ್ನು ತಾವೇ ತಿರುಗಿಸಿದರು. ಹಿಂದೆ ಸಿಸ್ಟರಿನ ತೋಳು ಹಿಡಿದು ಬೈಂಡಿಂಗ್ ಅಕ್ಕ. ಎಲ್ಲಿಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಅವಳು ದಾರಿಯಲ್ಲಿ ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು, ಕೂದಲು ಒತ್ತಿಕೊಂಡಳು. ಎಲ್ಲರಿಗಿಂತ ಹಿಂದೆ, ಚೀಲ ಹಿಡಿದು, ಭಾನುವಾರದವನು ಬರುತ್ತಿದ್ದ.

ಕೆಲಸದ ಕೋಣೆಯಲ್ಲಿ ಅಂಟಿನ ವಾಸನೆ. ಬುಟ್ಟಿ ಹೆಣೆಯುವವರು, ಲಕೋಟೆ ಮಾಡುವವರು. ಕೆಲಸ ಕಲಿಸುವ ಮೇಷ್ಟ್ರು ಎದ್ದು ಬಂದರು.

“ರಿಜಿಸ್ಟರ್ ಹೊಲಿಯೋರಾ? ಅಗೋ, ಅಲ್ಲಿ. ನಮ್ಮ ಚಿನ್ನದಂಥ ಪೇಷೆಂಟ್ ಸಾರ್. ಬಂದ ಹೊಸದರಲ್ಲಿ ಭಾರೀ ಹಟ. ನಾನು ಅವನಲ್ಲ, ಇವನು, ನನ್ನ ಅಕ್ಕನ್ನ ಕರೀರಿ ಅಂತ. ಔಷಧಿ, ಮಾತುಕತೆ, ಎಲ್ಲ ಆಗಿ ಆರು ತಿಂಗಳಿಂದ ಪೂರ್ತಿ ಹುಷಾರು. ಮೊನ್ನೆ ತಾನೇ ಡಾಕ್ಟರು, ವಾಸಿಯಾಗಿದೆ ಅಂತ ಬರೆದರು.”

ಮೂಲೆಯ ಮೇಜಿನಲ್ಲಿ ಕೂತವನು ಒಂದು ಹಾಳೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ಬಾಗಿಸಿ ನೋಡುತ್ತಿದ್ದ. ಕುತ್ತಿಗೆಯಿಂದ ದವಡೆಯವರೆಗೆ ಸುಟ್ಟ ಕಲೆ. ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು.

ಬೈಂಡಿಂಗ್ ಅಕ್ಕನ ಗಂಟಲಿನಿಂದ ಬಂದದ್ದು ಕೂಗಲ್ಲ, ಉಸಿರು. “ತಮ್ಮಾ...”

ಸಿಸ್ಟರಿನ ಕೈ ಬಿಡಿಸಿಕೊಂಡು ಹೋಗಿ ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. “ಎಷ್ಟು ಇಳಿದು ಹೋಗಿದ್ದೀಯೋ! ಗೋಡೆ ಪಕ್ಕದಲ್ಲೇ ಇದ್ದೀಯ ಅಂತ ಬಡ್ಕೊಂಡೆ ಕಣೋ, ಒಬ್ಬರಾದರೂ ಕೇಳಲಿಲ್ಲ. ನಿನ್ನ ಗಂಟು ನೋಡ್ತಿದ್ದೆ. ತಿಂಗಳಿಗೊಂದು ರಿಜಿಸ್ಟರ್ ಬರ್ತಿತ್ತು. ಬದುಕಿದ್ದಾನೆ, ಈ ತಿಂಗಳೂ ಬದುಕಿದ್ದಾನೆ ಅಂದ್ಕೊಂಡು...”

ಅವನು ಎದ್ದು ನಿಂತ. ಆಮೇಲೆ ಬಹಳ ಮರ್ಯಾದೆಯಿಂದ ಅವಳ ಕೈಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಳಿಸಿದ.

“ಕ್ಷಮಿಸಿ ಅಮ್ಮ. ನನಗೆ ಅಕ್ಕ ಇಲ್ಲ.”

ಕೋಣೆಯಲ್ಲಿ ಬುಟ್ಟಿ ಹೆಣೆಯುವ ಸದ್ದು ನಿಂತಿತು.

“ಇದ್ದಾಳೆ ಅಂತ ಅಂದುಕೊಂಡಿದ್ದೆ,” ಅವನು ಕಲಿತ ಪಾಠದಂತೆ, ಸಮಾಧಾನವಾಗಿ ಹೇಳಿದ. “ಅದು ನನ್ನ ಕಾಯಿಲೆ. ಈಗ ವಾಸಿಯಾಗಿದೆ. ಅಂಗಡೀಲಿ ರೀಮು ಹೊರ್ತಿದ್ದೋನು ನಾನು. ಬೆಂಕಿ ಹಚ್ಚಿದ್ದೂ ನಾನೇ.” ಅವನ ಕಣ್ಣು ಬಾಗಿಲ ಕಡೆ ಹೋಯಿತು. “ನಿಮ್ಮ ತಮ್ಮ ಅಲ್ಲಿ ನಿಂತಿದ್ದಾರಲ್ಲ.”

ಎಲ್ಲರೂ ತಿರುಗಿದರು. ಭಾನುವಾರದವನು ಚೀಲವನ್ನು ಎದೆಗೆ ಒತ್ತಿಕೊಂಡಿದ್ದ. ಅವನ ಮುಖದಲ್ಲಿ ಮೊದಲು ದಿಗಿಲಿತ್ತು. ನಿಧಾನಕ್ಕೆ ಅದು ಕರಗಿ ಆಸೆ ಮೂಡಿತು.

“ಕೇಳಿಸಿಕೊಂಡ್ರಾ ಸಾರ್?” ಎಂದ, ಸಣ್ಣ ದನಿಯಲ್ಲಿ.

ಮಫ್ತಿಗೆ ಜೇಬಿನಲ್ಲಿದ್ದ ಪುಸ್ತಕದ ಬಿಳಿ ಹಾಳೆ ಕಲ್ಲಿನಷ್ಟು ಭಾರವೆನಿಸಿತು. ಬೆಂಚಿನ ಮೇಲೆ ಆಡಿದ ಮಾತಿಗೆ ಅವನೊಬ್ಬನೇ ಸಾಕ್ಷಿ. ಒಡೆದ ಒಂದು ಕಾಗದ, ಒಂದು ಕಿವಿ, ಒಂದು ಗಂಟು. ಅದರ ಎದುರು ಇಬ್ಬರು ಗಂಡಸರ ಒಪ್ಪಿಗೆ ಮತ್ತು ‘ವಾಸಿಯಾಗಿದೆ’ ಎಂಬ ಒಂದು ಸಹಿ. ಡಾಕ್ಟರಮ್ಮನ ಕಡೆ ನೋಡಿದ. ಆಕೆ ಕೈಯಲ್ಲಿದ್ದ ಕೀಲಿಯನ್ನೇ ನೋಡುತ್ತಿದ್ದರು.

ಬೈಂಡಿಂಗ್ ಅಕ್ಕ ಅಳುತ್ತಾಳೆಂದು ಎಲ್ಲರೂ ಕಾದರು. ಸಿಸ್ಟರ್ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟಳು.

ಅವಳು ಅಳಲಿಲ್ಲ. ತಮ್ಮನ ಮುಖವನ್ನು ಒಂದು ಪುಟ ಓದುವಷ್ಟು ಹೊತ್ತು ನೋಡಿದಳು. ಅಲ್ಲಿ ಏನು ಓದಿದಳೋ, ಬೇರೆ ಯಾರಿಗೂ ಅದು ಕಾಣಲಿಲ್ಲ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಕೋಣೆ ದಾಟಿ ಬಂದು, ಭಾನುವಾರದವನ ಸುಟ್ಟ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

“ನಡಿಯೋ ತಮ್ಮ,” ಎಂದಳು. “ನನ್ನನ್ನ ಮನೆಗೆ ಕರ್ಕೊಂಡು ಹೋಗು.”

ಎರಡು ವರ್ಷ, ನೂರು ಭಾನುವಾರ ಅವನು ಕಾದ ಮಾತು ಅದು. ಅದು ಕಿವಿಗೆ ಬಿದ್ದ ಗಳಿಗೆ ಅವನು ಬಾಗಿಲ ಕಡೆ ಹಿಂದೆ ಸರಿದ. ಚೀಲ ಕೈಜಾರಿ ಬಿತ್ತು. ಕೈ ಬಿಡಿಸಿಕೊಳ್ಳಲು ಒಮ್ಮೆ ಎಳೆದ. ಅವಳ ಹಿಡಿತ ಸಡಿಲವಾಗಲಿಲ್ಲ. ತಮ್ಮ ಎಂದವಳ ಕಣ್ಣು ಅವನ ಜೋತ ಕಿವಿಯ ಮೇಲೇ ನೆಟ್ಟಿತ್ತು.

“ಸಾರ್,” ಎಂದ ಅವನು ಮಫ್ತಿಯ ಕಡೆ ತಿರುಗಿ, ನೀರಿಗೆ ಬಿದ್ದವನ ದನಿಯಲ್ಲಿ. “ಸಾರ್, ಇವಳನ್ನ ನನ್ನ ಜೊತೆ ಕಳಿಸಬೇಡಿ.”